ಜಗಳ ಮುಗಿದ ಮೇಲಿನ ಹತ್ತು ಸೆಕೆಂಡ್

ನನ್ನ ಹೊಟ್ಟೆಪಾಡು ಮದುವೆ ವಿಡಿಯೋ. ಬಾಗಲಕೋಟೆ ನವನಗರದಲ್ಲಿ ಒಂದು ಸಣ್ಣ ಸ್ಟುಡಿಯೋ ಇದೆ. ಹದಿನೈದು ವರ್ಷದಿಂದ ಅರಿಶಿಣ, ಅಕ್ಷತೆ, ಊಟದ ಪಂಕ್ತಿ ತೆಗೆದಿದ್ದೇ ತೆಗೆದಿದ್ದು. ಈಗೀಗ ಪ್ರಿ-ವೆಡ್ಡಿಂಗ್ ಶೂಟ್ ಜಾಸ್ತಿ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಗೆ ಹೋಗುವುದು, ಹುಡುಗ ಹುಡುಗಿ ಕೈ ಹಿಡಿದು ಓಡುವುದು, ನಾನು ಅದನ್ನು ಸ್ಲೋ ಮೋಷನ್‌ಗೆ ಹಾಕುವುದು. ನಗಿ ಅಂದರೆ ನಗುತ್ತಾರೆ. ಸ್ಮಾರಕದ ಒಳಗೆ ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ನಗುವುದಕ್ಕೆ ಯಾರ ಅನುಮತಿಯೂ ಬೇಡ ನೋಡಿ.

ಅಂಥ ಒಂದು ಶೂಟ್‌ನಲ್ಲೇ ನನ್ನ ಕಿರುಚಿತ್ರ ಹುಟ್ಟಿತು. 'ನೀವಿಬ್ಬರೂ ಮೊದಲು ಭೇಟಿಯಾಗಿದ್ದು ಎಲ್ಲಿ' ಅಂತ ಮಾತಾಡಿಸಲು ಇಬ್ಬರಿಗೂ ಕಾಲರ್ ಮೈಕ್ ಸಿಕ್ಕಿಸಿದ್ದೆ. ಮೈಕ್‌ನಲ್ಲೇ ರೆಕಾರ್ಡ್ ಆಗುವ ಥರದ್ದು. ಊಟಕ್ಕೆ ಬಿಟ್ಟಾಗ ತೆಗೆಯೋದು ಮರೆತೆ. ಅವರು ಕಾರಿನಲ್ಲಿ ಕೂತು ಜಗಳ ಆಡಿದರು, ಮೈಕ್ ತನ್ನ ಪಾಡಿಗೆ ಓಡುತ್ತಿತ್ತು.

ರಾತ್ರಿ ಎಡಿಟ್‌ಗೆ ಕೂತಾಗ ಕಿವಿಗೆ ಬಿತ್ತು. ಕೂಡಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಒಪ್ಪಿಕೊಳ್ಳುತ್ತೇನೆ. ಹನ್ನೊಂದು ನಿಮಿಷ. ಜಗಳ ಶುರುವಾಗಿದ್ದು ಊಟದ ವಿಷಯಕ್ಕೆ, ಆಮೇಲೆ ಅವನ ತಂಗಿ ಬಂದಳು, ಇವಳ ಡ್ರೆಸ್ ಬಂತು, ಎರಡು ವರ್ಷದ ಹಿಂದಿನ ಒಂದು ಫೋನ್ ಕಾಲ್ ಬಂತು. ಒಂದು ಮಾತನ್ನೂ ಪೂರ್ತಿ ಮಾಡಲಿಲ್ಲ ಇಬ್ಬರೂ. ಕೊನೆಗೆ ಮದುವೆಯೇ ಬೇಡ ಅನ್ನೋ ತನಕ ಹೋಯಿತು. ಆಮೇಲೆ ಸುಮ್ನಾದರು. ಸುಮಾರು ಹತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಅವಳ ದನಿ: "ನೀರ ಕುಡದಿ ಏನ? ಮುಂಜಾನಿಂದ ಕುಡದಿಲ್ಲ ನೀ." ಅವನು ಇನ್ನೂ ಸಿಟ್ಟಿನಲ್ಲೇ "ಕೊಡ" ಅಂದ. ಬಾಟಲಿ ಮುಚ್ಚಳ ತಿರುಗಿದ ಸದ್ದು. ಅಷ್ಟೇ.

ಅವತ್ತೇ ಆ ಫೈಲ್ ಅಳಿಸಿದೆ. ಅವರ ಒಂದು ಮಾತನ್ನೂ ನನ್ನ ಚಿತ್ರದಲ್ಲಿ ಬಳಸಿಲ್ಲ. ಆದರೆ ಆ ಮುಚ್ಚಳದ ಸದ್ದು ತಲೆಯಿಂದ ಹೋಗಲಿಲ್ಲ.

ಒಬ್ಬರನ್ನೊಬ್ಬರು ಕಂಡರೆ ಆಗದ, ಬಿಟ್ಟಿರೋಕೂ ಆಗದ ಇಬ್ಬರ ಕಥೆ ಬರೆಯಬೇಕು ಅಂತ ಕೂತೆ. ಮೊದಲ ಸಲ ಬರೆದಿದ್ದು ಇಪ್ಪತ್ತೆರಡು ಪುಟ. ನನ್ನ ಜೊತೆ ಕೆಲಸ ಮಾಡುವ ಹುಡುಗ ಓದಿ, "ಅಣ್ಣಾ, ಇದು ಧಾರಾವಾಹಿ ಆತು. ಬರೇ ಒದರ್ತಾರ" ಅಂದ. ನಿಜವೇ. ಜಗಳ ಬರೆಯೋದು ಸುಲಭ, ಯಾರು ಬೇಕಾದರೂ ಬರೆಯಬಹುದು. ಎರಡು ಬೈಗುಳ, ಒಂದು ಹಳೆ ಲೆಕ್ಕ, ಬಾಗಿಲು ಧಡ್ ಅಂದರೆ ಮುಗಿಯಿತು. ಜಗಳ ಆದ ಮೇಲೂ ಇವರು ಯಾಕೆ ಎದ್ದು ಹೋಗಲ್ಲ ಅನ್ನೋದು ಕಾಣಬೇಕಲ್ಲ, ಅದು ಬರೆಯೋಕೆ ಬರುತ್ತಿರಲಿಲ್ಲ.

ಕೊನೆಗೆ ಎಲ್ಲ ತೆಗೆದು ಒಂದೇ ಒಂದು ಪ್ರಯಾಣ ಇಟ್ಟುಕೊಂಡೆ. ಅವನು ಟಂಟಂ ಓಡಿಸುತ್ತಾನೆ, ಮೂರು ಗಾಲಿಯ ಬಾಡಿಗೆ ಗಾಡಿ. ಅವಳಿಗೆ ಹಳೆ ಊರಿನಲ್ಲಿ ಗುಳೇದಗುಡ್ಡ ಖಣ ಮಾರುವ ಸಣ್ಣ ಅಂಗಡಿ. ಮೂರು ವರ್ಷದಲ್ಲಿ ಏಳು ಸಲ ಬಿಟ್ಟು ಏಳು ಸಲ ಕೂಡಿದವರು. ಒಂದು ಸಂಜೆ ಬೇರೆ ಗಾಡಿ ಸಿಗದೆ ಅವನ ಟಂಟಂ ಹತ್ತುತ್ತಾಳೆ. ಹಳೆ ಊರಿಂದ ನವನಗರದ ತನಕ ಇರುವುದು ಒಂದು ಜಗಳಕ್ಕೆ ಸಾಕಾಗುವಷ್ಟೇ ದಾರಿ. ಇಬ್ಬರಿಗೂ ಹೆಸರಿಲ್ಲ. ಸ್ಕ್ರಿಪ್ಟ್ ತುಂಬ 'ಅಂವ', 'ಅಕಿ' ಅಂತಲೇ ಬರೆದೆ. ಜಗಳದ ಮೂಲವೂ ಊರೇ. ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೆ ಊರಿನ ದೊಡ್ಡ ಭಾಗ ಹೋಗಿ, ಜನ ನವನಗರಕ್ಕೆ, ಸೆಕ್ಟರ್ ನಂಬರಿನ ಮನೆಗಳಿಗೆ ಬಂದರು. ಅಂವ ಸೆಕ್ಟರ್‌ಗೆ ಬಂದವ. ಅಕಿ ಬರಲ್ಲ ಅಂತ ಅಲ್ಲೇ ಕೂತವಳು. ಈ ಜಗಳ ನಮ್ಮೂರಲ್ಲಿ ಎಷ್ಟು ಮನೆಗಳಲ್ಲಿ ಆಗಿದೆಯೋ, ಪ್ರೇಮಿಗಳೇ ಆಗಬೇಕಂತ ಇಲ್ಲ.

ಅಂವನ ಪಾತ್ರಕ್ಕೆ ಮೊಬೈಲ್ ರಿಪೇರಿ ಅಂಗಡಿಯ ಒಬ್ಬ ಹುಡುಗ ಸಿಕ್ಕ. ಮಾತು ಕಡಿಮೆ, ಕಣ್ಣಲ್ಲಿ ಸದಾ ಒಂದು ತಕರಾರು. ಅಕಿಯ ಪಾತ್ರಕ್ಕೆ ಬಂದವರು ನಾಟಕ ಕಂಪನಿಯ ಕಲಾವಿದೆ. ನಮ್ಮ ಕಡೆ ಇನ್ನೂ ಕಂಪನಿ ನಾಟಕ ಜೀವಂತ ಇದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಎಷ್ಟೊಂದು ಕಂಪನಿಗಳು ಟೆಂಟ್ ಹಾಕುತ್ತವೆ! ಇವರು ಆ ಟೆಂಟ್‌ಗಳಲ್ಲೇ ಬೆಳೆದವರು. ಮೊದಲ ದಿನ ಒಂದು ಸಾಲು ಹೇಳಿದರು ನೋಡಿ, ಹೆಡ್‌ಫೋನ್ ಹಾಕಿದ್ದ ಹುಡುಗ ಕಿವಿ ಹಿಡಿದುಕೊಂಡ. ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು ಅನ್ನೋ ರೂಢಿ. ಇನ್ನೊಂದು ರೂಢಿ, ಮಾತಿನ ನಡುವೆ ಮುಖ ಮೇಲಕ್ಕೆತ್ತಿ ಪಕ್ಕಕ್ಕೆ ತಿರುಗುವುದು. ರಂಗದ ಮೇಲೆ ಮೈಕ್ ಅಲ್ಲಿ ತೂಗುತ್ತಿರುತ್ತದೆ! ನಾನು ಏನೇನೋ ಹೇಳಿ ಸುಸ್ತಾದೆ. ಆಮೇಲೆ ಒಂದು ಉಪಾಯ ಹೊಳೆಯಿತು. "ಅಕ್ಕಾರ, ಹಿಂದಿನ ಸೀಟಿನ್ಯಾಗ ಕೂಸು ಮಲಗೇತಿ ಅಂತ ತಿಳಕೊಂಡು ಜಗಳ ಆಡ್ರಿ" ಅಂದೆ. ದನಿ ತಟ್ಟನೆ ಇಳಿಯಿತು. ಹಲ್ಲು ಕಚ್ಚಿ, ಮೆಲ್ಲಗೆ, ವಿಷದ ಹಾಗೆ ಬಂತು ಮಾತು. ಕೂಗಿದ್ದಕ್ಕಿಂತ ನೂರು ಪಾಲು ಭಯ ಆಯಿತು.

ಅವರೇ ನನಗೆ ದೊಡ್ಡ ಪಾಠ ಮಾಡಿದ್ದು. ಸ್ಕ್ರಿಪ್ಟ್‌ನಲ್ಲಿ ಜಗಳದ ತುತ್ತತುದಿಗೆ ಅಂವ ಅಕಿಯ ಕೆನ್ನೆಗೆ ಹೊಡೆಯುತ್ತಾನೆ ಅಂತ ಇತ್ತು. ಹೊಡೆದು, ತಾನೇ ಅಳುತ್ತಾನೆ. ಅಕಿ ಅವನ ಹೆಗಲಿಗೆ ಒರಗುತ್ತಾಳೆ. ಬಹಳ ತೀವ್ರ ಪ್ರೀತಿ ಅಂತ ನನ್ನ ಲೆಕ್ಕ. ಓದಿಸಿದ ದಿನ ಅವರು ಹಾಳೆ ಮಡಚಿ ತೊಡೆಯ ಮೇಲಿಟ್ಟರು.

"ಸರ, ಟೆಂಟಿನ್ಯಾಗ ದಿನಾ ಹೊಡಸ್ಕೊಂಡೀನ್ರಿ. ಜನ ಸೀಟಿ ಹೊಡೀತಾರ. ಇದು ಬ್ಯಾಡ."

"ಕಥಿಗೆ ಬೇಕಲ್ರಿ ಅಕ್ಕಾರ."

"ಹೊಡದವನ ಹೆಗಲಿಗೆ ಈಕಿ ಯಾಕ ಒರಗಬೇಕ್ರಿ? ಹೇಳ್ರಿ, ನಾ ಮಾಡ್ತೀನಿ."

ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಕಾರಿನಲ್ಲಿ ಜಗಳ ಆಡಿದ ಆ ಜೋಡಿ ನೆನಪಾಯಿತು. ಅಷ್ಟೆಲ್ಲ ಬೈದಾಡಿದರೂ ಅದರಲ್ಲಿ ಹೆದರಿಕೆ ಇರಲಿಲ್ಲ. ಇಬ್ಬರಿಗೂ ಸಮಸಮ ಬಾಯಿತ್ತು. ಒಬ್ಬರಿಗೆ ಕೈ, ಇನ್ನೊಬ್ಬರಿಗೆ ಕೆನ್ನೆ ಅಂತ ಆದ ಮೇಲೆ ಅದು ಬೇರೆ ಕಥೆ. ಅದನ್ನು ಪ್ರೇಮಕಥೆ ಅಂತ ಮಾರಬಾರದು. ಹೊಡೆತ ತೆಗೆದೆ. ಅದರ ಜಾಗಕ್ಕೆ ಬಂದಿದ್ದು ಹಾರ್ನ್.

ಹೇಗೆ ಅಂದರೆ, ಹಳೆ ಊರಿನ ಅಂಚಿನಲ್ಲಿ ಒಂದು ಡಾಂಬರ್ ರಸ್ತೆ ಹಾಗೇ ಇಳಿದು ಹೋಗಿ ಹಿನ್ನೀರಿನಲ್ಲಿ ಮುಳುಗುತ್ತದೆ. ಆಲಮಟ್ಟಿ ಜಲಾಶಯದಲ್ಲಿ ನೀರು 519.60 ಮೀಟರ್, ಅಂದರೆ ಪೂರ್ತಿ ಮಟ್ಟಕ್ಕೆ ನಿಂತಿತೆಂದರೆ ಅಲ್ಲಿಂದ ಮುಂದೆ ಊರಿಲ್ಲ, ನೀರೇ. ಅಂವ ಸಿಟ್ಟಿಗೆದ್ದು ಟಂಟಂ ಬಂದ್ ಮಾಡಿ, ಇಳಿದು, ಆ ರಸ್ತೆ ಹಿಡಿದು ಹೊರಟೇ ಬಿಡುತ್ತಾನೆ. ಅಕಿ ಸುಮ್ಮನೆ ಕೂತಿರುತ್ತಾಳೆ. ಹತ್ತು ಸೆಕೆಂಡ್. ಆಮೇಲೆ ಮುಂದೆ ಬಗ್ಗಿ ಹಾರ್ನ್ ಒತ್ತುತ್ತಾಳೆ. ಒಂದೇ ಸಲ, ಸಣ್ಣಗೆ. 'ಬಾ' ಅಂತ ಬಾಯಿಬಿಟ್ಟು ಹೇಳಲ್ಲ. ಅಂವ ನೀರಿನ ತನಕ ಹೋಗಿ, ಮುಂದೆ ದಾರಿ ಇಲ್ಲದೆ ನಿಂತಿರುತ್ತಾನೆ. ತಿರುಗಿ ಬರುತ್ತಾನೆ.

ಡಿಸೆಂಬರ್‌ನಲ್ಲಿ ಶೂಟ್ ಶುರು. ಮದುವೆ ಶೂಟ್ ಮಾಡಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಮೊದಲ ದಿನವೇ ಎಡವಿದೆ. ಜಗಳ ಸಹಜವಾಗಿ ಬರಲಿ ಅಂತ ಇಬ್ಬರಿಗೂ ಒಬ್ಬರ ಮಾತಿನ ಮೇಲೊಬ್ಬರು ಬೀಳೋಕೆ ಬಿಟ್ಟೆ. ಸ್ಥಳದಲ್ಲಿ ನೋಡೋಕೆ ಭಾರಿ ಚೆಂದ. ಎಡಿಟ್‌ಗೆ ಕೂತರೆ ತಲೆ ಮೇಲೆ ಕೈ. ನನ್ನ ಹತ್ತಿರ ಇದ್ದಿದ್ದು ಒಂದೇ ಕ್ಯಾಮೆರಾ. ಅಕಿಯ ಮುಖ ತೆಗೆದಾಗ ಅವಳ ಮಾತಿನ ಬಾಲಕ್ಕೆ ಅಂವನ ದನಿ ಅಂಟಿದೆ. ಅಂವನ ಮುಖ ತೆಗೆದಾಗ ಅದೇ ಮಾತು ಬೇರೆ ಜಾಗದಲ್ಲಿ ಬಂದಿದೆ. ಎಲ್ಲಿ ಕತ್ತರಿಸಿದರೂ ಅರ್ಧ ಪದ ನೇತಾಡುತ್ತದೆ. ಆಮೇಲೆ ಗೊತ್ತಾಯಿತು, ಒಂದು ಕ್ಯಾಮೆರಾದಲ್ಲಿ ಜಗಳ ತೆಗೆಯುವಾಗ ಇಬ್ಬರೂ ಮರ್ಯಾದೆಯಿಂದ ಸರದಿ ಪ್ರಕಾರ ಬೈದಾಡಬೇಕು. ನಡುವೆ ಒಂದು ಉಸಿರಿನಷ್ಟು ಜಾಗ ಬಿಡಬೇಕು. ಮಾತಿನ ಮೇಲೆ ಮಾತು ಹತ್ತಿಸುವ ಕೆಲಸ ಎಡಿಟ್‌ನಲ್ಲಿ. ನಮ್ಮ ಚಿತ್ರದಲ್ಲಿ ಇಬ್ಬರೂ ಒಟ್ಟಿಗೆ ಹರಿಹಾಯುವ ಜಾಗ ನೋಡಿದರೆ ನಗು ಬರುತ್ತದೆ. ತೆಗೆಯುವಾಗ ಅಂವ ಬೆರಳಿನಲ್ಲಿ ತೊಡೆ ತಟ್ಟುತ್ತ ತನ್ನ ಸರದಿಗೆ ಕಾಯುತ್ತಿದ್ದ.

ಇನ್ನು ಟಂಟಂ. ಓಡುವ ಟಂಟಂನಲ್ಲಿ ಮಾತು ರೆಕಾರ್ಡ್ ಮಾಡೋಕೆ ಹೋದವನಷ್ಟು ದಡ್ಡ ಇನ್ನೊಬ್ಬನಿಲ್ಲ. ಎಂಜಿನ್ ಸದ್ದಿನಲ್ಲಿ ನಮ್ಮ ಮಾತೇ ನಮಗೆ ಕೇಳಲಿಲ್ಲ. ಹಾಗಾಗಿ ಚಲಿಸುವ ಸೀನ್‌ಗಳನ್ನೆಲ್ಲ ರಾತ್ರಿಗೆ ತಳ್ಳಿ, ಗಾಡಿಯನ್ನು ನನ್ನ ಸ್ಟುಡಿಯೋ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದೆವು. ಇಬ್ಬರು ಹುಡುಗರು ಹಿಂದಿನ ಬಂಪರ್ ಹಿಡಿದು ಗಾಡಿ ಕುಲುಕುತ್ತಿದ್ದರು. ಗುಂಡಿ ಬಂತು ಅಂತ ನಾನು ಕೈ ಎತ್ತಿದರೆ ಜೋರಾಗಿ ಒಂದು ಕುಲುಕು. ಮೂರನೆಯವನು ಕೋಲಿಗೆ ಎಲ್‌ಇಡಿ ಲೈಟ್ ಕಟ್ಟಿಕೊಂಡು ಮುಂದಿನಿಂದ ಹಿಂದಕ್ಕೆ ಓಡುತ್ತಿದ್ದ. ಬೀದಿದೀಪ ದಾಟಿ ಹೋದ ಹಾಗೆ ಮುಖದ ಮೇಲೆ ಬೆಳಕು ಸರಿಯಬೇಕಲ್ಲ. ಮತ್ತೆ ಗಾಡಿಯ ಆ ಕಡೆಯಿಂದ ಸುತ್ತು ಹಾಕಿ ಬಂದು ಮತ್ತೆ ಓಟ. ಒಂದು ಟೇಕ್‌ಗೆ ಅವನು ಇಪ್ಪತ್ತು ಸಲ ಓಡಿದ್ದಾನೆ. ನಾಲ್ಕನೇ ಟೇಕ್‌ಗೆ "ಅಣ್ಣಾ, ಇವರು ಲಗೂನ ಒಂದಾಗೂ ಹಂಗ ಬರೀಬೇಕಿತ್ತು ನೀ" ಅಂದ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟಿದ್ದೆ. ನಮ್ಮ ಕರೆಂಟ್ 50 ಹರ್ಟ್ಸ್, ಶಟರ್ ಅದಕ್ಕೆ ಹೊಂದದಿದ್ದರೆ ಪಕ್ಕದ ಅಂಗಡಿ ಲೈಟ್‌ಗಳು ಪಟಪಟ ಮಿನುಗುತ್ತವೆ. ಎಂಜಿನ್ ಸದ್ದನ್ನು ಮರುದಿನ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡೆ. ನೋಡಿದವರು ಯಾರೂ ಗಾಡಿ ನಿಂತಿತ್ತು ಅಂತ ಹೇಳಲಿಲ್ಲ.

ಹಿನ್ನೀರಿನ ಸೀನ್ ಅರ್ಧ ಮುಗಿದಿತ್ತು. ಅಂವ ಇಳಿದು ನೀರಿನ ತನಕ ನಡೆಯುವುದು, ನೀರಂಚಿಗೆ ನಿಲ್ಲುವುದು, ತಿರುಗಿ ಬರುವುದು ತೆಗೆದಿದ್ದೆವು. ಅಕಿ ಹಾರ್ನ್ ಒತ್ತುವ ದೂರದ ಒಂದು ಶಾಟ್ ಆಗಿತ್ತು. ಹತ್ತಿರದ ಶಾಟ್‌ಗಳು ಬಾಕಿ. ಸಂಜೆ ಬೆಳಕು ಹೋಯಿತು. ನಾಳೆ ಮಾಡೋಣ ಅಂದೆ. ನಾಳೆ ನನಗೆ ಒಂದು ಮದುವೆ. ಅದರ ಮರುದಿನ ಇನ್ನೊಂದು. ಅಷ್ಟರಲ್ಲಿ ಅಕ್ಕಾರು ಕಂಪನಿ ಜೊತೆ ಬನಶಂಕರಿ ಜಾತ್ರೆಗೆ ಹೋದರು. ಜಾತ್ರೆ ಅಂದರೆ ಅವರಿಗೆ ರಾತ್ರಿ ಇಡೀ ಆಟ. ಹಗಲು ನಿದ್ದೆ. ಕರೆಯುವ ಮಾತೇ ಇಲ್ಲ.

ಅವರು ಬಿಡುವಾಗಿ ಬಂದಿದ್ದು ಫೆಬ್ರವರಿ ಕೊನೆಗೆ. ಡಿಸೆಂಬರ್‌ನಲ್ಲಿ ತೆಗೆದ ಫೋಟೋಗಳನ್ನು ಮುಂದಿಟ್ಟುಕೊಂಡು ಎಲ್ಲ ಹೊಂದಿಸಿದೆವು. ಅದೇ ಇಳಕಲ್ ಸೀರೆ, ಅದೇ ಖಣದ ಕುಪ್ಪಸ, ಅದೇ ಹಸಿರು ಬಳೆ, ಸೀಟಿನ ಹರಿದ ರೆಕ್ಸಿನ್ ಕೂಡ ಹಾಗೇ. ಟಂಟಂ ಹತ್ತಿ ಜಾಗಕ್ಕೆ ಹೋದೆವು.

ನೀರಿಲ್ಲ.

ಪೂರ್ತಿ ಇಲ್ಲ ಅಂತಲ್ಲ. ದೂರ ಹೋಗಿತ್ತು. ನಾವು ನೀರಂಚು ಅಂತ ಗುರುತು ಹಾಕಿದ ಜಾಗದಲ್ಲಿ ಒಣಗಿದ ಕೆಸರು ಬಿರುಕು ಬಿಟ್ಟಿತ್ತು. ಮುಳುಗಿದ್ದ ರಸ್ತೆ ಮೇಲೆದ್ದು ಉದ್ದಕ್ಕೆ ಮಲಗಿತ್ತು. ಬದಿಯಲ್ಲಿ ಯಾರದೋ ಮನೆಯ ಕಟ್ಟೆ. ಬೇಸಿಗೆ ಬಂದರೆ ಹಿನ್ನೀರು ಇಳಿಯುತ್ತದೆ ಅಂತ ಇಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಶೂಟಿಂಗ್ ದಿನ ಹಾಕುವಾಗ ಮಾತ್ರ ತಲೆಗೆ ಬರಲಿಲ್ಲ. ಸೀರೆ, ಬಳೆ ಎಲ್ಲ ಹೊಂದಿಸಿದವನು ನದಿಯನ್ನೇ ಮರೆತಿದ್ದೆ.

ಟಂಟಂನ ನೆರಳಲ್ಲಿ ಕೂತು ಮಂಡಕ್ಕಿ ತಿಂದೆವು. ಮುಂದಿನ ಆಗಸ್ಟ್ ತನಕ ಕಾಯೋದಾ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಅಕ್ಕಾರು ರಸ್ತೆ ನೋಡುತ್ತ ಕೇಳಿದರು:

"ಸರ, ಅವಾಗ ನೀರ ಇತ್ತಂತ ಹೊಳ್ಳಿ ಬಂದ. ಈಗ ರಸ್ತೆ ಐತಿ. ಈಗ ಬರ್ತಾನ?"

ಮಂಡಕ್ಕಿ ಬಾಯಲ್ಲೇ ಉಳಿಯಿತು. ಮೊಬೈಲ್ ಅಂಗಡಿ ಹುಡುಗ, ಇಡೀ ದಿನ ನಾಲ್ಕು ಮಾತಾಡದವನು, "ಬರ್ತಾನ್ರಿ. ಆದರ ಲಗೂ ಬರಂಗಿಲ್ಲ" ಅಂದ.

ಅವತ್ತೇ ಕಥೆ ಬದಲಾಯಿತು. ಒಂದು ಪ್ರಯಾಣ ಇದ್ದಿದ್ದು ಎರಡಾಯಿತು. ಡಿಸೆಂಬರ್‌ನಲ್ಲಿ ತೆಗೆದಿದ್ದು ಹಳೆ ಜಗಳ, ನೀರು ತುಂಬಿದಾಗಿನದು. ಈಗಿನದು ಎಂಟನೆಯದು. ಅದೇ ಜಾಗ, ಅದೇ ಗಾಡಿ. ಅಂವ ಇಳಿದು ನಡೆಯುತ್ತಾನೆ. ಈ ಸಲ ರಸ್ತೆ ಮುಗಿಯುವುದಿಲ್ಲ. ನಡೆಯುತ್ತಲೇ ಇರುತ್ತಾನೆ, ಫ್ರೇಮ್‌ನಲ್ಲಿ ಬೆರಳಿನಷ್ಟು ಆಗುತ್ತಾನೆ. ಅಕಿ ಹಾರ್ನ್ ಒತ್ತುತ್ತಾಳೆ. ಅಂವ ನಿಲ್ಲುತ್ತಾನೆ. ತಿರುಗಲ್ಲ. ಎಷ್ಟು ಹೊತ್ತು ಹಾಗೇ ನಿಲ್ಲಿಸಬೇಕು ಅಂತ ಎಡಿಟ್‌ನಲ್ಲಿ ಒಂದು ವಾರ ಒದ್ದಾಡಿದೆ. ನಾಲ್ಕು ಸೆಕೆಂಡ್ ಇಟ್ಟರೆ ಸಲೀಸು. ಹದಿನೈದು ಇಟ್ಟರೆ ನೋಡುವವರು ಫೋನ್ ಕೆಟ್ಟಿತೇನೋ ಅಂದುಕೊಳ್ಳುತ್ತಾರೆ. ಕೊನೆಗೆ ಹತ್ತು. ಎಲ್ಲ ಸುತ್ತಿ ಅಲ್ಲಿಗೇ ಬಂದೆ.

ಆ ಹಾರ್ನ್ ಬೇರೆ ಕಾಡಿತು. ಮೊದಲ ಸಲ ಒತ್ತಿದಾಗ ರೆಕಾರ್ಡರ್‌ನಲ್ಲಿ ಕೆಂಪು ಗೆರೆ ದಾಟಿ ಸದ್ದು ಹರಿದುಹೋಯಿತು. ಮಟ್ಟ ಇಳಿಸಿ ತೆಗೆದರೆ ಅಕಿಯ ಉಸಿರು ಕೇಳಲ್ಲ. ನನಗೆ ಎರಡೂ ಬೇಕಿತ್ತು. ಎರಡನ್ನೂ ಬೇರೆ ಬೇರೆ ತೆಗೆದು ಜೋಡಿಸಿದೆ. ಜೊತೆಗೆ ಆ ಜಾಗದ ಬರಿ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡೆವು. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾಗ ಬಂತು ನೋಡಿ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್, ಮುಂದೆ ದೊಡ್ಡ ಸ್ಪೀಕರ್. ಸೀಸನ್‌ನಲ್ಲಿ ನಮ್ಮ ಕಡೆ ಟ್ರ್ಯಾಕ್ಟರ್ ಓಡೋದು ಡೀಸೆಲ್‌ನಲ್ಲೋ ಹಾಡಿನಲ್ಲೋ ಗೊತ್ತಾಗಲ್ಲ. ಆ ದಿನ ಮತ್ತೆ ಮಾಡಿದೆವು, ಸರಿಹೋಯಿತು. ಆದರೆ ಇನ್ನೊಂದು ಸೀನ್‌ನಲ್ಲಿ ಅಂಥದ್ದೇ ಟ್ರ್ಯಾಕ್ಟರ್ ಹಾಡು ಹಿಂದೆ ಸಣ್ಣಗೆ ಸೇರಿಕೊಂಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಯೂಟ್ಯೂಬ್‌ಗೆ ಬಿತ್ತು. ಅಪ್‌ಲೋಡ್ ಮಾಡಿದ ಸ್ವಲ್ಪ ಹೊತ್ತಿಗೇ ಹಾಡಿನ ಹಕ್ಕಿನ ಕ್ಲೇಮ್ ಬಂತು. ತೆಗೆದು, ಮಾತು ಡಬ್ ಮಾಡಿಸಿ, ಮತ್ತೆ ಹಾಕಿದೆ.

ಸಂಗೀತಕ್ಕೆ ದುಡ್ಡಿರಲಿಲ್ಲ. ಮಾರ್ಚ್‌ನಲ್ಲಿ ಹೋಳಿ ಬಂತು. ಬಾಗಲಕೋಟೆ ಹೋಳಿ ಗೊತ್ತಲ್ಲ, ಒಂದು ದಿನಕ್ಕೆ ಮುಗಿಯುವುದಲ್ಲ. ಓಣಿ ಓಣಿಯವರು ಬಣ್ಣದ ಬ್ಯಾರಲ್ ಹೇರಿಕೊಂಡು ಎದುರುಬದುರು ಆಗುತ್ತಾರೆ. ಅದಕ್ಕೂ ಮೊದಲೇ ರಾತ್ರಿ ಹೊತ್ತು ಹಲಗೆ ವಾದ್ಯದ ಸದ್ದು ಶುರು. ಕ್ಯಾಮೆರಾ ಮನೆಯಲ್ಲಿಟ್ಟು ಬರೀ ರೆಕಾರ್ಡರ್ ಹಿಡಿದು ಕಿಲ್ಲಾ ಓಣಿ ಕಡೆ ಹೋದೆ. ದೂರದಿಂದ, ಎರಡು ಸಂದಿ ಆಚೆಯಿಂದ ಬರುವ ಹಲಗೆ ಸದ್ದು ಸಿಕ್ಕಿತು. ನಮ್ಮ ಚಿತ್ರಕ್ಕೆ ಅದೊಂದೇ ಸಂಗೀತ, ಅದೂ ಎರಡೇ ಕಡೆ.

ಎಡಿಟ್ ಮೊದಲು ಮೂವತ್ತೊಂದು ನಿಮಿಷ ಇತ್ತು. ಕಡಿದು ಕಡಿದು ಹದಿನಾಲ್ಕಕ್ಕೆ ತಂದೆ. ಹೋಗಿದ್ದೆಲ್ಲ ಬೈಗುಳವೇ. ನಾನು ಬಹಳ ಇಷ್ಟಪಟ್ಟು ಬರೆದ, ಅಂವ ಟಂಟಂನ ಕನ್ನಡಿಯಲ್ಲಿ ನೋಡುತ್ತ ಹೇಳುವ ಎರಡು ನಿಮಿಷದ ಮಾತು ಕೂಡ ಹೋಯಿತು. ಅದರ ಬದಲು ಕನ್ನಡಿಯಲ್ಲಿ ನೋಡುತ್ತಾನೆ, ಅಕಿ ಕಂಡಿದ್ದೇ ಕನ್ನಡಿ ಪಕ್ಕಕ್ಕೆ ತಿರುಗಿಸುತ್ತಾನೆ. ಸ್ವಲ್ಪ ಹೊತ್ತಿಗೆ ಮತ್ತೆ ಸರಿ ಮಾಡುತ್ತಾನೆ. ಅದು ಮೂರು ಸೆಕೆಂಡ್.

ಒಟ್ಟು ಖರ್ಚು ಮೂವತ್ತೆಂಟು ಸಾವಿರ. ಅದರಲ್ಲಿ ಊಟ ಚಹಾ ಹನ್ನೆರಡು. ಥಿಯೇಟರ್‌ನಲ್ಲಿ ತೋರಿಸುವುದಾದರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಯೂಟ್ಯೂಬ್‌ಗೆ ಬೇಡ. ಆ ಖರ್ಚು ಉಳಿಯಿತು. ಮೊದಲು ನನ್ನ ಪ್ರೊಜೆಕ್ಟರ್ ಇಟ್ಟು ಗೆಳೆಯನ ಮಾಳಿಗೆಯ ಗೋಡೆಗೆ ಬಿಟ್ಟೆ. ನಲವತ್ತು ಜನ ಬಂದಿದ್ದರು. ಕಾಲೇಜಿನ ಮೇಷ್ಟ್ರೊಬ್ಬರು ಎದ್ದು ನಿಂತು, ತುಂಬಿದ ನೀರು ಹಟ, ಇಳಿದ ನೀರು ಅಹಂಕಾರ ಕರಗಿದ್ದು, ಎಂಥ ಸಂಕೇತ ಅಂತ ಹೊಗಳಿದರು. ಲೈಟ್ ಹೊತ್ತು ಓಡಿದ ಹುಡುಗ ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿ "ಹೌದ್ರಿ ಸರ" ಅಂದೆ. ಮದುವೆ ಶೂಟ್ ಮಾಡಿಕೊಂಡು ದಿನ ಮರೆತೆ ಅಂತ ಅಲ್ಲಿ ಹೇಳೋಕಾಗುತ್ತಾ?

ಅಕ್ಕಾರು ಅವತ್ತು ಬಂದಿರಲಿಲ್ಲ. ಬೇರೆ ಊರಿನ ಜಾತ್ರೆಯಲ್ಲಿ ಕ್ಯಾಂಪ್ ಇತ್ತು. ಲಿಂಕ್ ಕಳಿಸಿದ್ದೆ. ರಾತ್ರಿ ಎರಡೂವರೆಗೆ, ಆಟ ಮುಗಿಸಿ, ಬಣ್ಣ ತೆಗೆಯುತ್ತ ನೋಡಿದರಂತೆ. ಎರಡೂವರೆಗೇ ಫೋನ್ ಮಾಡಿದರು.

"ಸರ, ಚೊಲೋ ಬಂದೇತಿ. ಆದರ ಒಂದು ಮಾತು."

"ಹೇಳ್ರಿ ಅಕ್ಕಾರ."

"ಹಾರ್ನ್ ಒತ್ತೂ ಮುಂದ ನನ್ನ ಬಲಗೈಯಾಗ ಐದು ಬಳಿ ಅದಾವ. ಗಾಡಿ ಇಳಿಯೂ ಮುಂದ ಆರು ಅದಾವ."

ಎದ್ದು ಕಂಪ್ಯೂಟರ್ ಹಾಕಿದೆ. ಫ್ರೇಮ್ ನಿಲ್ಲಿಸಿ, ದೊಡ್ಡದು ಮಾಡಿ ಎಣಿಸಿದೆ. ಐದು. ಮುಂದಿನ ಶಾಟ್. ಆರು.